ಆರು ಐವತ್ತೆರಡರ ಹಕ್ಕಿ

ಭಾನುವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಕನ್ನಡಕದ ಅಂಗಡಿಯವನೊಬ್ಬ ಏದುಸಿರು ಬಿಡುತ್ತಾ ಠಾಣೆಯ ಮೆಟ್ಟಿಲು ಹತ್ತಿದ. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಶೂ. "ನನ್ನ ತಮ್ಮನ್ನ ಕೊಂದುಬಿಟ್ರು" ಎಂದ. ನೀರು ಕುಡಿಸಿದ ಮೇಲೆ ತಾನೇ ತಿದ್ದಿಕೊಂಡ. "ಸತ್ತಿಲ್ಲ. ಆಸ್ಪತ್ರೇಲಿದ್ದಾನೆ. ಪ್ರಜ್ಞೆ ಇಲ್ಲ."

ಇನ್ಸ್‌ಪೆಕ್ಟರ್ ಆಗ ಕಿಟಕಿಯಿಂದ ಬಾಗಿಲಿಗೂ ಬಾಗಿಲಿಂದ ಕಿಟಕಿಗೂ ಓಡಾಡುತ್ತಿದ್ದಳು. ಅದು ಆಕೆಯ ಅಭ್ಯಾಸ. ಎರಡು ನಿಮಿಷ ಕೂತರೆ ಮೂರನೆಯದಕ್ಕೆ ಎದ್ದಾಯಿತು. ನಲವತ್ತೇಳು ವರ್ಷವಾದರೂ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಠಾಣೆಯ ಕಾಗದಪತ್ರವೆಲ್ಲ ಬರೆಯುವ ಹಿರಿಯ ಹೆಡ್ ಕಾನ್‌ಸ್ಟೇಬಲ್, ಎಲ್ಲರ ಬಾಯಲ್ಲಿ 'ರೈಟರ್', ಬೆನ್ನ ಹಿಂದೆ ಹೇಳುತ್ತಿದ್ದ: "ಮೇಡಂ ಕುರ್ಚಿ ಇನ್ನೂ ಹೊಸದಾಗೇ ಇದೆ. ಸವೆದಿರೋದು ನೆಲ."

"ಎಲ್ಲಿ ನಡೆದದ್ದು?" ಎಂದಳು.

"ಕೆರೆ ಹತ್ರ. ಪಂಪ್‌ಹೌಸ್ ಹಿಂದೆ. ಅವನು ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಭಾನುವಾರ ಬಂತು ಅಂದ್ರೆ ಹಕ್ಕಿ ಫೋಟೋ ಹುಚ್ಚು."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನು ಬಂತು, ಗೊತ್ತೇ ಇದೆ. ಕೆರೇಲಿ ಕಳೆ ತೆಗೀತಾನಲ್ಲ, ತೆಪ್ಪದವನು. ಶುಕ್ರವಾರ ಎಲ್ಲರ ಎದುರಿಗೇ ಅಂದಿದ್ದಾನೆ, ನಿನ್ನ ಕ್ಯಾಮೆರಾ ಸಮೇತ ನೀರಿಗೆ ಹಾಕ್ತೀನಿ ಅಂತ."

"ಯಾಕಂತೆ?"

"ಜೊಂಡಿನ ವಿಷ್ಯಕ್ಕೆ" ಎಂದ ಅಣ್ಣ. ಪಂಪ್‌ಹೌಸಿನ ಹಿಂದೆ ಆಳೆತ್ತರದ ಜೊಂಡುಹುಲ್ಲು ಬೆಳೆದಿತ್ತು. ಅದರಿಂದ ಹಕ್ಕಿ ಸರಿಯಾಗಿ ಕಾಣುವುದಿಲ್ಲವೆಂದು ಸ್ಟುಡಿಯೋದವನು ಒಂದಿಷ್ಟು ಕೊಯ್ಯಲು ತೆಪ್ಪದವನಿಗೆ ಹೇಳಿದ್ದ, ಆಫೀಸಿನವರ ಒಪ್ಪಿಗೆ ಇದೆ ಎಂದು ಬೇರೆ ಸೇರಿಸಿದ್ದ. ಅವನು ನಂಬಿ ಕೊಯ್ದಿದ್ದ. ಒಪ್ಪಿಗೆಯೂ ಇರಲಿಲ್ಲ, ಏನೂ ಇರಲಿಲ್ಲ. ಗುರುವಾರ ಉದ್ಯಾನದ ಆಫೀಸಿನಿಂದ ಮೆಮೊ ಬಂದದ್ದು ತೆಪ್ಪದವನಿಗೆ. ಇನ್ನೊಂದು ಮೆಮೊ ಬಂದರೆ ಕೆಲಸ ಹೋಗುತ್ತದೆ.

ರೈಟರ್ ದೂರು ಬರೆದುಕೊಂಡ. ಎಂಟು ಮೂವತ್ತೈದಕ್ಕೆ ಕೊಲೆಯತ್ನದ ಎಫ್ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆ ಒಂಬತ್ತಕ್ಕೆ ಶುರು. ಕೆರೆ ಅಂದರೆ ದೊಡ್ಡದೇನಲ್ಲ. ಸುತ್ತ ಕಬ್ಬಿಣದ ಬೇಲಿ, ಬೇಲಿಯಾಚೆ ಆರಂತಸ್ತಿನ ಮನೆಗಳು, ಬಾಲ್ಕನಿಗಳಲ್ಲಿ ಒಗೆದ ಬಟ್ಟೆ. ಬೇಲಿಯೊಳಗೆ ನಡೆದಾಡುವವರ ದಾರಿ. ಪೂರ್ವಕ್ಕೆ ಗೇಟು, ಗೇಟಿನ ಪಕ್ಕ ಕಲ್ಲು ಬೆಂಚು. ಪಶ್ಚಿಮದ ಮೂಲೆಯಲ್ಲಿ ಕಿಟಕಿಯಿಲ್ಲದ ಪಂಪ್‌ಹೌಸು. ಅದರ ಹಿಂದೆ ನೀರಿಗಿಳಿಯುವ ಮೂರು ಮೆಟ್ಟಿಲು, ತೂಬು ಎತ್ತುವ ಕಬ್ಬಿಣದ ಚಕ್ರ. ಚಕ್ರದ ಅಂಚಿಗೆ ರಕ್ತ ಮೆತ್ತಿತ್ತು.

"ಬರ್ಕೋ" ಎಂದಳು ಇನ್ಸ್‌ಪೆಕ್ಟರ್. "ಎರಡನೇ ಮೆಟ್ಟಿಲ ಮೇಲೆ ಎಳೆದ ಗುರುತು. ಕೆಸರು, ಪಾಚಿ. ಎತ್ತಲಿಂದ ಎತ್ತ ಹೋಗಿದೆ?"

ಉದ್ದನೆಯ ಪೇದೆ ಬಗ್ಗಿ ನೋಡಿದ. ಅವನು ಬಗ್ಗುವುದಕ್ಕೇ ಅರ್ಧ ನಿಮಿಷ ಬೇಕು. "ನೀರಿಂದ ಮೇಲಕ್ಕೆ, ಮೇಡಂ."

"ಹೊಡೆದು ನೀರಿಗೆ ತಳ್ಳಿದವನು ಮತ್ತೆ ಯಾಕಪ್ಪ ಮೇಲಕ್ಕೆ ಎಳೀತಾನೆ?"

"ಹೆದರಿಕೆ ಆಗಿರಬೇಕು."

ಇರಬಹುದು ಎಂದುಕೊಂಡಳು. ಆದರೆ ಆ ಉತ್ತರ ಹೊಟ್ಟೆಗೆ ಇಳಿಯಲಿಲ್ಲ. ನೀರಿನಂಚಿನಲ್ಲಿ ಕ್ಯಾಮೆರಾ ಸಿಕ್ಕಿತು, ಅದರ ಪಟ್ಟಿ ಕಿತ್ತುಹೋಗಿತ್ತು. ಕೊಯ್ದ ಜೊಂಡಿನ ಮೋಟುಗಳ ನಡುವೆ ಅಂಗೈಯಗಲದ ಒಂದು ಕಪ್ಪು ಡಬ್ಬಿ. ರೈಟರ್ ಅದನ್ನು 'ಸಣ್ಣ ರೇಡಿಯೋ, ಒಂದು' ಎಂದು ಬರೆದು ಚೀಲಕ್ಕೆ ಹಾಕಿ ಮೊಹರು ಮಾಡಿದ. ನಡೆದಾಡಲು ಬಂದಿದ್ದ ಇಬ್ಬರು ಪಂಚರಾಗಿ ಸಹಿ ಹಾಕಿ, ಕೈ ಒರೆಸಿಕೊಂಡು ಹೊರಟರು. ಅವರು ಹೇಳಿದ್ದಿಷ್ಟು: ಏಳಕ್ಕೆ ಎರಡು ನಿಮಿಷವಿದ್ದಾಗ ಪಂಪ್‌ಹೌಸ್ ಕಡೆಯಿಂದ ಯಾರೋ "ಬನ್ರೋ, ಬನ್ರೋ" ಎಂದು ಕೂಗಿದರು. ಇವರು ಓಡಿ ಬರುವಷ್ಟರಲ್ಲಿ ಗಾಯಾಳು ಮೆಟ್ಟಿಲ ಮೇಲಿದ್ದ, ತೆಪ್ಪದವನು ಬೇಲಿ ಹಾರುತ್ತಿದ್ದ.

ತೆಪ್ಪದವನ ಮನೆ ಕೆರೆಯ ಹಿಂದಿನ ಓಣಿಯಲ್ಲಿ, ಒಂದೇ ಕೋಣೆ. ಬಕೆಟ್ಟಿನಲ್ಲಿ ನೆನೆಹಾಕಿದ್ದ ಅಂಗಿಯಿಂದ ನೀರು ಕೆಂಪಗಾಗಿತ್ತು. ಅವನು ಮಂಚದ ಕೆಳಗೆ ಅಡಗಿರಲಿಲ್ಲ, ಊರು ಬಿಟ್ಟಿರಲಿಲ್ಲ, ಗೋಡೆಗೆ ಒರಗಿ ಕೂತಿದ್ದ. ಹತ್ತು ನಲವತ್ತಕ್ಕೆ ಬಂಧಿಸಿದರು. ಇಪ್ಪತ್ತನಾಲ್ಕು ಗಂಟೆಯೊಳಗೆ, ಅಂದರೆ ಸೋಮವಾರ ಹತ್ತು ನಲವತ್ತರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಜೈಲು. ಜೈಲಿಗೆ ಹೋದವನಿಗೆ ಕೆರೆಯ ಕೆಲಸ ಯಾರು ಇಟ್ಟಿರುತ್ತಾರೆ?

ಅವನ ಹೆಂಡತಿ ಜೀಪಿನ ಹಿಂದೆಯೇ ನಡೆದು ಬಂದು ಠಾಣೆಯ ಬೆಂಚಿನ ಮೇಲೆ ಕೂತಳು. ಅಳಲಿಲ್ಲ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವುದು, ಮುಚ್ಚಿದರೆ ಕೂರುವುದು.

"ಎಲ್ಲಿದ್ದೆ ನೀನು?"

"ತೆಪ್ಪದ ಮೇಲೆ, ಅಮ್ಮ. ಕೆರೆ ನಡೂಕೆ. ಧೊಪ್ ಅಂತ ಸದ್ದು ಬಂತು. ಏನೋ ಕಲ್ಲು ಬಿತ್ತು ಅಂದ್ಕೊಂಡೆ. ಆಮೇಲೆ ನೋಡಿದ್ರೆ ಪಂಪ್‌ಹೌಸ್ ಹತ್ರ ನೀರಲ್ಲಿ ಬೆನ್ನು ಕಾಣ್ತು. ತೆಪ್ಪ ಹುಟ್ಟು ಹಾಕ್ಕೊಂಡು ಹೋದ್ರೆ ತಡ ಆಗತ್ತೆ ಅಂತ ಧುಮುಕಿದೆ."

"ಮೇಲೆ ಎಳೆದೆ?"

"ಎಳೆದೆ. ಕೂಗಿದೆ."

"ಕೂಗಿದವನು ಓಡಿದ್ಯಾಕೆ?"

ಅವನು ತನ್ನ ಅಂಗೈ ನೋಡಿಕೊಂಡ. "ಶುಕ್ರವಾರ ಅವನಿಗೆ ಹಾಗಂದಿದ್ದೆನಲ್ಲ. ಮೈಯೆಲ್ಲ ರಕ್ತ. ನಾನೇ ಅನ್ನಲ್ವಾ ಎಲ್ರೂ? ಅಂದ್ರಲ್ಲ."

"ಬೇರೆ ಯಾರನ್ನಾದ್ರೂ ನೋಡಿದ್ಯಾ ಅಲ್ಲಿ?"

"ಇಲ್ಲ. ಉಳಿದ ಜೊಂಡು ಅಡ್ಡ ಇತ್ತು. ಅಮ್ಮ, ವಾಚ್ ಅಂಗಡಿ ಅಣ್ಣನ್ನ ಕೇಳಿ. ಭಾನುವಾರ ಭಾನುವಾರ ಹಕ್ಕಿ ಎಣಿಸೋಕೆ ಬರ್ತಾರೆ. ದುರ್ಬೀನು ಕೊಟ್ಟು ನನಗೂ ತೋರಿಸ್ತಾರೆ. ನಾನು ಎಂಥವನು ಅಂತ ಅವರಿಗೆ ಗೊತ್ತು."

ಹನ್ನೊಂದೂವರೆಗೆ ಮೇಲಿನ ಸಾಹೇಬರ ಫೋನ್ ಬಂತು. ಕನ್ನಡಕದ ಅಂಗಡಿಯವನಿಗೆ ಯಾರೋ ಗೊತ್ತು, ಅವರಿಗೆ ಸಾಹೇಬರು ಗೊತ್ತು. "ಆರೋಪಿ ಸಿಕ್ಕಿದ್ದಾನೆ, ರಕ್ತದ ಅಂಗಿ ಸಿಕ್ಕಿದೆ, ಬೆದರಿಕೆ ಹಾಕಿದ್ದಕ್ಕೆ ಸಾಕ್ಷಿ ಇದೆ. ಇನ್ನೇನ್ರೀ ಬೇಕು ನಿಮಗೆ?"

"ರಕ್ತ ಇರೋದು ತೂಬಿನ ಚಕ್ರದ ಮೇಲೆ ಸಾರ್. ಮೇಲಕ್ಕೆ ಎಳೆದ ಗುರುತಿದೆ."

"ಬೆಳಿಗ್ಗೆ ಕೋರ್ಟಿಗೆ ಕಳಿಸಿ. ತಲೆಗೆ ಹುಳ ಬಿಟ್ಕೋಬೇಡಿ."

ಹುಳ ಆಗಲೇ ಒಳಗೆ ಹೋಗಿತ್ತು. ಒಂದು ಗಂಟೆಗೆ ಆಕೆ ಆಸ್ಪತ್ರೆಯಲ್ಲಿದ್ದಳು. ಸರ್ಜನ್ ಊಟದ ಡಬ್ಬಿ ಮುಚ್ಚುತ್ತಲೇ ಮಾತಾಡಿದ. ತಲೆಯ ಹಿಂಭಾಗಕ್ಕೆ ದುಂಡನೆಯ ಕಬ್ಬಿಣದ ಅಂಚು ಬಡಿದಿದೆ. ಯಾರೋ ಎತ್ತಿ ಹೊಡೆದದ್ದಲ್ಲ, ಹಿಂದಕ್ಕೆ ಬಿದ್ದದ್ದು. ಶ್ವಾಸಕೋಶದಲ್ಲಿ ನೀರಿತ್ತು. ಇನ್ನೆರಡು ನಿಮಿಷ ಹೋಗಿದ್ದರೆ ತಾನು ಊಟವನ್ನು ಇನ್ನೂ ಬೇಗ ಮುಗಿಸಬಹುದಿತ್ತು ಎಂದ. ತಮಾಷೆ ಯಾರಿಗೂ ಹಿಡಿಸಲಿಲ್ಲ, ಅವನಿಗೂ.

ಹೊರಗೆ ಮೊಗಸಾಲೆಯಲ್ಲಿ ಹಲ್ಲಿನ ಡಾಕ್ಟರಮ್ಮ ಕಾದಿದ್ದಳು. ಗಾಯಾಳುವಿಗೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟವಳು. ಕೆರೆಯ ಹಕ್ಕಿ ಎಣಿಸುವವರ ಗುಂಪಿನವಳೂ ಹೌದು.

"ಗುಂಪು ಅಂದ್ರೆ ದೊಡ್ಡದಲ್ಲ ಮೇಡಂ, ನಾಲ್ಕು ಜನ. ಇವತ್ತು ಇಬ್ಬರೇ. ಆರೂವರೆಯಿಂದ ಏಳೂಕಾಲು ತನಕ ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ನಿಲ್ತೀವಿ. ಜಾಗ ಬಿಡಬಾರದು. ಬಿಟ್ರೆ ಒಂದೇ ಹಕ್ಕೀನ ಇಬ್ಬರು ಎಣಿಸಿಬಿಡ್ತೀವಿ. ನಾನು ಉತ್ತರದ ಏರಿ, ವಾಚ್ ಅಂಗಡಿಯವರು ಗೇಟಿನ ಹತ್ತಿರದ ಕಲ್ಲು ಬೆಂಚು. ಮುಗಿದ ಮೇಲೆ ಗೇಟಿನ ಪೆಟ್ಟಿಗೇಲಿರೋ ರಿಜಿಸ್ಟರಿಗೆ ಬರೀತೀವಿ."

"ಅವರು ಬೆಂಚಿನ ಹತ್ತಿರವೇ ಇದ್ರಾ?"

"ಮರ ಅಡ್ಡ ಇದೆ, ಕಾಣಲ್ಲ. ಆದರೆ ಅವರು ಜಾಗ ಬಿಡೋ ಪೈಕಿ ಅಲ್ಲ. ಕೂಗು ಕೇಳಿ ನಾನು ಓಡಿದಾಗ ಅವರು ಗೇಟಿನ ಹತ್ತಿರ ರಿಜಿಸ್ಟರ್ ಬರೀತಾ ನಿಂತಿದ್ರು. ವಯಸ್ಸಾಯ್ತಲ್ಲ, ಓಡೋಕಾಗಲ್ಲ ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ರಿಜಿಸ್ಟರನ್ನು ತರಿಸಿದಳು. ಹಸಿರು ರಟ್ಟಿನ ದಪ್ಪ ಪುಸ್ತಕ, ಹನ್ನೊಂದು ವರ್ಷದ ಭಾನುವಾರಗಳು. ಡಾಕ್ಟರಮ್ಮನ ಬರಹ ಇರುವೆ ಸಾಲು, ಹೊತ್ತೆಲ್ಲ 'ಸುಮಾರು ಏಳು', 'ಏಳರ ಆಸುಪಾಸು'. ವಾಚ್ ಅಂಗಡಿಯವರದು ಅಚ್ಚುಕಟ್ಟು. 6.34 ನೀರುಕಾಗೆ, ಹನ್ನೆರಡು. 6.39 ಗುಳುಮುಳುಕ, ನಾಲ್ಕು. 6.45 ಕೊಳದ ಬಕ, ಮೂರು. 6.52 ಹಳದಿ ಗುಪ್ಪಿ, ಒಂದು. ಅಲ್ಲಿಗೆ ನಿಂತಿತ್ತು. ಆಕೆ ಆ ಪುಟವನ್ನು ಎರಡು ಸಲ ಓದಿ ಮುಚ್ಚಿದಳು. ಮನುಷ್ಯರ ಹೆಸರು ಹುಡುಕುವ ಕಣ್ಣಿಗೆ ಹಕ್ಕಿಗಳ ಹೆಸರು ಏನು ಹೇಳೀತು?

ನಾಲ್ಕೂಕಾಲಿಗೆ ವಾಚ್ ಅಂಗಡಿ. ಎರಡು ಬಟ್ಟೆ ಅಂಗಡಿಗಳ ನಡುವೆ ಸಂದಿಯಷ್ಟು ಜಾಗ. ಒಬ್ಬರು ಕೂತರೆ ಇನ್ನೊಬ್ಬರು ರಸ್ತೆಯಲ್ಲಿ ನಿಲ್ಲಬೇಕು. ಗೋಡೆಯ ಮೂವತ್ತು ಗಡಿಯಾರಗಳು ಒಂದೇ ಹೊತ್ತು ತೋರಿಸುತ್ತಿದ್ದವು. ಅರವತ್ತು ದಾಟಿದ ಮನುಷ್ಯ, ಒಂಟಿ ಜೀವ, ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಸೂಜಿಯಂಥ ಚಿಮಟದಲ್ಲಿ ಏನೋ ಎತ್ತುತ್ತಿದ್ದರು. ಇನ್ಸ್‌ಪೆಕ್ಟರನ್ನು ಕಂಡು ಎದ್ದು ನಿಂತು ತಮ್ಮ ಸ್ಟೂಲನ್ನೇ ಕೊಟ್ಟರು. ಆಕೆ ಕೂರಲಿಲ್ಲ.

"ನೀವು ಜಾಗ ಬಿಟ್ಟು ಹೋಗಿದ್ರಾ?"

"ಇಲ್ಲ. ಬೆಂಚಿನ ಹತ್ತಿರವೇ ಇದ್ದೆ."

"ಜಗಳದ ಸದ್ದು?"

"ಕೇಳಿಸಲಿಲ್ಲ."

"ತೆಪ್ಪದವನು ನಿಮ್ಮನ್ನ ಕೇಳಿ ಅಂದ. ಎಂಥವನು ಅವನು?"

ವಾಚ್ ಅಂಗಡಿಯವರು ಚಿಮಟ ಕೆಳಗಿಟ್ಟರು. "ಒಳ್ಳೆಯವನು" ಎಂದರು. "ಸ್ವಲ್ಪ ಕೋಪ ಜಾಸ್ತಿ."

ರೈಟರ್ ಎರಡನ್ನೂ ಬರೆದುಕೊಂಡ. ಕೋರ್ಟಿನಲ್ಲಿ ಎರಡನೆಯದೇ ಕೆಲಸಕ್ಕೆ ಬರುವುದು ಎಂದು ಅವನಿಗೂ ಗೊತ್ತು.

ಸಂಜೆ ಆರಕ್ಕೆ ಕ್ಯಾಮೆರಾದ ಮೆಮೊರಿ ಕಾರ್ಡು ಒಣಗಿ ಬಂತು. ಕೊನೆಯ ಇಪ್ಪತ್ತು ಫೋಟೋಗಳಲ್ಲೂ ಒಂದೇ ಹಕ್ಕಿ. ಒಣಹುಲ್ಲಿನ ಬಣ್ಣ, ಉದ್ದ ಕೊಕ್ಕು, ಕತ್ತು ನೆಟ್ಟಗೆ ಮೇಲಕ್ಕೆ. ಕೊನೆಯ ಫೋಟೋದ ಹೊತ್ತು 6.51.

"ಕೊಕ್ಕರೆ ಅಂತ ಬರೀಲಾ ಮೇಡಂ?" ಎಂದ ರೈಟರ್.

"ಗೊತ್ತಿಲ್ಲದ್ದನ್ನ ಬರೀಬೇಡ. ಬೆಳಿಗ್ಗೆ 'ರೇಡಿಯೋ' ಅಂತ ಬರೆದಿದ್ದೀಯ, ಸ್ಟೇಷನ್ ಹಿಡಿಯೋ ಗುಂಡಿನೇ ಇಲ್ಲ ಅದರಲ್ಲಿ."

ಆಕೆ ಆ ಸಂಜೆ ಮನೆಗೆ ಹೋದಳು, ಊಟಕ್ಕೆ ಕೂತಳು, ಎದ್ದಳು. "ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ಬೇಡ್ವೇ, ನೋಡೋರಿಗೆ ತಲೆ ಸುತ್ತತ್ತೆ" ಎಂದು ಅತ್ತೆ ಗದರಿದರು. ಏನು ತಪ್ಪಿಹೋಗುತ್ತಿದೆ ಎಂಬುದು ನಾಲಿಗೆಯ ತುದಿಯಲ್ಲಿದ್ದು ಬಾಯಿಗೆ ಬರುತ್ತಿರಲಿಲ್ಲ. ಠಾಣೆಯ ಬೆಂಚಿನ ಆ ಹೆಂಗಸು ಇನ್ನೂ ಅಲ್ಲೇ ಕೂತಿರುತ್ತಾಳೆ ಎನ್ನುವುದೊಂದು ಮಾತ್ರ ಸ್ಪಷ್ಟವಾಗಿತ್ತು. ತಾನು ಒಬ್ಬ ಒಳ್ಳೆಯವನನ್ನು ಕೈಯಾರೆ ಜೈಲಿಗೆ ಕಳಿಸುತ್ತಿದ್ದೇನೆ ಎಂಬ ಭಯ ಆಕೆಗೆ ಆ ದಿನ ಮೊದಲ ಸಲ ಹತ್ತಿತು.

ಸೋಮವಾರ ಆರು ಇಪ್ಪತ್ತೈದಕ್ಕೆ ಆಕೆ ಕೆರೆಯ ಗೇಟಿನಲ್ಲಿದ್ದಳು. ಹಲ್ಲಿನ ಡಾಕ್ಟರಮ್ಮ ದಿನವೂ ಆ ಹೊತ್ತಿಗೆ ನಡೆಯಲು ಬರುತ್ತಾಳೆಂದು ತಿಳಿದಿತ್ತು. ಫೋಟೋದ ಪ್ರಿಂಟನ್ನು ಕೈಗೆ ಕೊಟ್ಟಳು.

ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ ನೋಡಿದಳು. ಮುಖ ಅರಳಿತು. ಗಾಯ, ರಕ್ತ, ಆಸ್ಪತ್ರೆ ಎಲ್ಲ ಒಂದು ಗಳಿಗೆ ಮರೆತುಹೋಯಿತು. "ಗುಪ್ಪಿ! ಹಳದಿ ಗುಪ್ಪಿ! ಹಾಗಾದ್ರೆ ಅವರು ಬರೆದಿದ್ದು ನಿಜ!"

"ಯಾರು ಬರೆದಿದ್ದು?"

"ವಾಚ್ ಅಂಗಡಿಯವರು. ರಿಜಿಸ್ಟರಲ್ಲಿ ನೋಡಿಲ್ವಾ? ಈ ಕೆರೇಲಿ ಇದೇ ಮೊದಲು ಮೇಡಂ. ಹನ್ನೊಂದು ವರ್ಷದಿಂದ ಅವರು ಇದಕ್ಕೇ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ರು. ಜೊಂಡು ಇದೆ ಅಂದ್ಮೇಲೆ ಗುಪ್ಪಿ ಬಂದೇ ಬರತ್ತೆ ಅನ್ನೋರು. ನಿಜ ಹೇಳಬೇಕು ಅಂದ್ರೆ ನಿನ್ನೆ ಅದನ್ನ ಓದಿ ನನಗೆ ಹೊಟ್ಟೆ ಉರೀತು."

"ಇದು ಎಲ್ಲಿರತ್ತೆ?"

"ಜೊಂಡಿನೊಳಗೇ. ಆಚೆ ಬರೋದೇ ಇಲ್ಲ. ಕತ್ತು ಎತ್ತಿ ನಿಂತ್ರೆ ಅದೂ ಒಂದು ಜೊಂಡಿನ ಹಾಗೇ ಕಾಣತ್ತೆ."

ಇನ್ಸ್‌ಪೆಕ್ಟರ್ ಕಲ್ಲು ಬೆಂಚಿನ ಪಕ್ಕ ಹೋಗಿ ನಿಂತಳು. ಕೂತು ನೋಡಿದಳು. ಬೂಟು ಕಳಚಿ ಬೆಂಚು ಹತ್ತಿ ನೋಡಿದಳು. ಉದ್ದನೆಯ ಪೇದೆಯನ್ನೂ ಹತ್ತಿಸಿದಳು, ಅವನಿಗಿಂತ ಎತ್ತರ ಆ ಊರಿನಲ್ಲಿ ಯಾರೂ ಇರಲಿಲ್ಲ.

"ಜೊಂಡು ಕಾಣತ್ತಾ?"

"ಪಂಪ್‌ಹೌಸ್ ಗೋಡೆ ಕಾಣತ್ತೆ ಮೇಡಂ. ಗೋಡೆ ಬಿಟ್ರೆ ಗೋಡೆ."

"ಕೆರೇಲಿ ಬೇರೆ ಎಲ್ಲಾದ್ರೂ ಜೊಂಡಿದೆಯಾ?"

"ಇಲ್ಲ" ಎಂದಳು ಡಾಕ್ಟರಮ್ಮ. ಹೇಳಿದ ಮೇಲೆ ಅವಳಿಗೂ ಹೊಳೆಯಿತು. ಅರಳಿದ ಮುಖ ಬಾಡಿತು. "ಮೆಟ್ಟಿಲ ಹತ್ತಿರ ನಿಂತರೆ ಮಾತ್ರ ಕಾಣೋದು" ಎಂದಳು ಮೆಲ್ಲಗೆ.

6.51ಕ್ಕೆ ಕ್ಯಾಮೆರಾ ಕಂಡ ಹಕ್ಕಿಯನ್ನು 6.52ಕ್ಕೆ ವಾಚ್ ಅಂಗಡಿಯವರು ಕಂಡಿದ್ದರು. ಅದೇ ಮೆಟ್ಟಿಲು, ಅದೇ ಜೊಂಡು.

"ಇದನ್ನ ಬರೀದೇ ಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಬರೆದಿದ್ದು ಯಾಕೆ?"

"ಬಿಡೋಕಾಗಲ್ಲ ಮೇಡಂ" ಎಂದಳು ಡಾಕ್ಟರಮ್ಮ. "ನೋಡದೇ ಇರೋದನ್ನ ಸೇರಿಸಬಾರದು, ನೋಡಿದ್ದನ್ನ ಬಿಡಬಾರದು. ನಾನಾಗಿದ್ರೂ ಬರೀತಿದ್ದೆ." ತನ್ನ ಮಾತಿಗೆ ತಾನೇ ಬೆಚ್ಚಿದಳು.

ಚೀಲದ ಮೊಹರು ಕಾಣುವಂತೆ ಇನ್ಸ್‌ಪೆಕ್ಟರ್ ಕಪ್ಪು ಡಬ್ಬಿಯನ್ನು ತೋರಿಸಿದಳು. ಸ್ಪೀಕರ್ ಎಂದಳು ಡಾಕ್ಟರಮ್ಮ. ಹಕ್ಕಿಯ ದನಿಯನ್ನು ಫೋನಿನಿಂದ ಅದರಲ್ಲಿ ಜೋರಾಗಿ ಹಾಕುತ್ತಾರೆ. ಬೇರೊಂದು ಗಂಡು ತನ್ನ ಜಾಗಕ್ಕೆ ನುಗ್ಗಿದೆ ಎಂದು ಹಕ್ಕಿ ಹುಚ್ಚೆದ್ದು ಬಯಲಿಗೆ ಬರುತ್ತದೆ. ತಮ್ಮ ಗುಂಪಿನವರು ಯಾರೂ ಹಾಗೆ ಮಾಡುವುದಿಲ್ಲ.

ಎಂಟೂಕಾಲಿಗೆ ವಾಚ್ ಅಂಗಡಿಯವರು ಷಟರ್ ಎತ್ತುತ್ತಿದ್ದರು. ಇನ್ಸ್‌ಪೆಕ್ಟರ್ ಒಂದೇ ಪ್ರಶ್ನೆ ಕೇಳಿದಳು.

"ಗುಪ್ಪೀನ ಎಲ್ಲಿ ನಿಂತು ನೋಡಿದ್ರಿ?"

ಅವರು ಷಟರನ್ನು ಅರ್ಧಕ್ಕೇ ಬಿಟ್ಟರು. ಬೆಂಚಿನ ಹತ್ತಿರ ಎನ್ನಬಹುದಿತ್ತು. ಬಾಯಿ ತೆರೆದರು ಕೂಡ. ಆದರೆ ಆ ಹಕ್ಕಿಯ ವಿಷಯದಲ್ಲಿ ಸುಳ್ಳು ಹೇಳಲು ಅವರಿಗೆ ಆಗಲಿಲ್ಲ.

"ಮೆಟ್ಟಿಲ ಮೇಲೆ" ಎಂದರು.

ಒಂಬತ್ತು ಐದರಿಂದ ಠಾಣೆಯಲ್ಲಿ ಹೇಳಿಕೆ. ರೈಟರ್ ಬರೆಯುತ್ತಿದ್ದ, ಇನ್ಸ್‌ಪೆಕ್ಟರ್ ಓಡಾಡುತ್ತಿದ್ದಳು.

ಬೆಂಚಿನ ಹತ್ತಿರ ನಿಂತವರಿಗೆ ಪಂಪ್‌ಹೌಸಿನ ಕಡೆಯಿಂದ ಗುಪ್ಪಿಯ ಕೂಗು ಕೇಳಿಸಿತ್ತು. ಹನ್ನೊಂದು ವರ್ಷ ಕಿವಿ ನಿಮಿರಿಸಿ ಕಾದ ಕೂಗು. ಅವರು ಮೊದಲ ಸಲ ತಮ್ಮ ಜಾಗ ಬಿಟ್ಟರು. ಕಾಲು ನೆಲದ ಮೇಲಿರಲಿಲ್ಲವಂತೆ. ಗೋಡೆಯ ಮೂಲೆ ತಿರುಗಿ ನೋಡಿದರೆ ಕೂಗುತ್ತಿದ್ದದ್ದು ಡಬ್ಬಿ. ಅದರ ಎದುರಿಗೆ, ಕೊಯ್ದ ಜೊಂಡಿನ ಮೋಟಿನ ಮೇಲೆ, ನಿಜವಾದ ಗುಪ್ಪಿ ರೆಕ್ಕೆ ಕೆದರಿಕೊಂಡು ಡಬ್ಬಿಯನ್ನೇ ಕುಕ್ಕುತ್ತಿತ್ತು.

"ನಿಲ್ಲಿಸು ಅಂದೆ. 'ಇನ್ನೊಂದೇ ಒಂದು ಅಂಕಲ್' ಅಂತ ನಕ್ಕ. ಪಟ್ಟಿ ಹಿಡಿದು ಎಳೆದೆ, ಕಿತ್ತು ಬಂತು. ಎದೆಗೆ ಕೈ ಹಾಕಿ ತಳ್ಳಿದೆ. ಚಕ್ರಕ್ಕೆ ತಲೆ ಬಡೀತು. ಹಾಗೇ ಜಾರಿ ನೀರಿಗೆ ಹೋದ."

"ಹಕ್ಕಿಗೋಸ್ಕರ ತಳ್ಳಿದ್ರಿ."

"ಹಾಗಂದ್ರೆ ಸುಳ್ಳಾಗತ್ತೆ ಮೇಡಂ." ಅವರು ತಮ್ಮ ಮೊಣಕಾಲು ನೋಡುತ್ತಿದ್ದರು. "ಹನ್ನೊಂದು ವರ್ಷ ನಾನು ಕಾದಿದ್ದು ಅವನಿಗೆ ಮೂರು ನಿಮಿಷದಲ್ಲಿ ಸಿಕ್ತು. ನನ್ನ ಕೈಗೆ ಕೋಪ ಬಂದಿದ್ದು ಅದಕ್ಕೆ. ಹೊಟ್ಟೆಕಿಚ್ಚು ಅಂತಲೇ ಬರ್ಕೊಳ್ಳಿ."

"ಅವನು ನೀರಲ್ಲಿದ್ದಾಗ ಏನು ಮಾಡ್ತಿದ್ರಿ?"

ರೈಟರನ ಪೆನ್ನು ನಿಂತಿತು.

"ನೋಡ್ತಿದ್ದೆ."

"ಅವನನ್ನಾ?"

"ಹಕ್ಕೀನ. ಅವನ ಫೋನ್ ನೀರಿಗೆ ಹೋಗಿ ಡಬ್ಬಿ ಸದ್ದು ನಿಂತಿತ್ತು. ಅದು ಹಾರಿಹೋಗಲಿಲ್ಲ, ಕತ್ತು ಎತ್ತಿ ಸುಮ್ಮನೆ ನಿಂತಿತ್ತು. ಮೂರೋ ನಾಲ್ಕೋ ನಿಮಿಷ. ಆಮೇಲೆ ತೆಪ್ಪದವನು ಧುಮುಕಿದ ಸದ್ದಿಗೆ ಹಾರಿಹೋಯ್ತು. ನಾನು ಗೋಡೆ ಮರೆಗೆ ಸರಿದೆ, ಅವನು ದಡಕ್ಕೆ ಎಳೆಯೋ ಹೊತ್ತಿಗೆ ಗೇಟಿನ ಕಡೆ ಹೊರಟೆ."

ಇನ್ಸ್‌ಪೆಕ್ಟರ್ ಕೂತಳು. ಎರಡು ದಿನದಲ್ಲಿ ಮೊದಲ ಸಲ, ಮೂರನೇ ನಿಮಿಷಕ್ಕೂ ಏಳಲಿಲ್ಲ. ಆ ಮನುಷ್ಯನ ಮೇಲೆ ಕೋಪ ಬಂತು, ಅಸಹ್ಯ ಬಂತು. ಎಲ್ಲೋ ಒಂದು ಮೂಲೆಯಲ್ಲಿ ಅಯ್ಯೋ ಅನ್ನಿಸಿದ್ದು ಆಕೆಗೇ ಸರಿಬೀಳಲಿಲ್ಲ.

"ಅವನನ್ನ ಹಿಡಿದಿದ್ದೀವಿ ಅಂತ ಗೊತ್ತಿತ್ತಲ್ಲ ನಿಮಗೆ. ಆಗಲಾದ್ರೂ ಬರಬಾರದಿತ್ತಾ?"

"ಬರೋಣ ಅಂತಲೇ ಇದ್ದೆ. ಮುಂದಿನ ಭಾನುವಾರ ಆದ್ಮೇಲೆ."

"ಮುಂದಿನ ಭಾನುವಾರ ಯಾಕೆ?"

"ಇನ್ನೊಂದು ಸಲ ನೋಡಬೇಕು ಅನ್ನಿಸ್ತು. ಡಬ್ಬಿ ಇಲ್ಲದೆ. ಅದಾಗೇ ಬಂದಾಗ."

"ಒಂದು ವಾರ ಆ ಮನುಷ್ಯ ಜೈಲಲ್ಲಿ ಇರ್ತಿದ್ದ."

"ಹೌದು" ಎಂದರು. "ಒಂದು ವಾರ ತಾನೇ ಅಂದ್ಕೊಂಡೆ."

ಒಂಬತ್ತು ಐವತ್ತೈದಕ್ಕೆ ವಾಚ್ ಅಂಗಡಿಯವರ ಬಂಧನದ ಮೆಮೊಗೆ ಸಹಿ ಆಯಿತು. ಸಾಹೇಬರು ಫೋನಿನಲ್ಲಿ ಒಂದು ನಿಮಿಷ ಗುರುಗುಟ್ಟಿ, ಆಮೇಲೆ ಇದೆಲ್ಲ ತಮಗೆ ಮೊದಲೇ ಅನ್ನಿಸಿತ್ತು ಎಂಬಂತೆ ಮಾತಾಡಿ ಇಟ್ಟರು. ತೆಪ್ಪದವನನ್ನು ಬಿಡುವ ಕಾಗದ ತಯಾರಾಗಲು ಹತ್ತೂಕಾಲಾಯಿತು. ಉದ್ದನೆಯ ಪೇದೆ ಲಾಕಪ್ಪಿನ ಬೀಗ ತೆಗೆದ. ಹೆಂಡತಿ ಬೆಂಚಿನಿಂದ ಎದ್ದು ನಿಂತಳು.

ತೆಪ್ಪದವನು ಕಣ್ಣು ಕಿರಿದು ಮಾಡಿಕೊಂಡು ಹೊರಬಂದ. ಎದುರಿಗೆ ಕುರ್ಚಿಯಲ್ಲಿ ವಾಚ್ ಅಂಗಡಿಯವರು ಕೂತಿದ್ದರು. ಅವರ ಕೈಗೆ ಬೇಡಿ ಹಾಕಿರಲಿಲ್ಲ, ವಯಸ್ಸಾದವರು, ಓಡುವವರಲ್ಲ ಎಂದು. ನೋಡಿದವರಿಗೆ ಯಾವುದೋ ಕೆಲಸಕ್ಕೆ ಬಂದು ಕಾಯುತ್ತಿರುವವರಂತೆಯೇ ಇದ್ದರು.

ತೆಪ್ಪದವನ ಮುಖ ಬೆಳಗಿತು. ಎರಡೇ ಹೆಜ್ಜೆಗೆ ಹತ್ತಿರ ಬಂದು ಅವರ ಎರಡೂ ಕೈ ಹಿಡಿದುಕೊಂಡ. "ಅಣ್ಣಾ, ಬಂದ್ರಾ? ನೀವು ಬಂದೇ ಬರ್ತೀರ, ನನ್ನ ಪರವಾಗಿ ಹೇಳ್ತೀರ ಅಂತ ಇವಳಿಗೆ ನಿನ್ನೆಯಿಂದ ಹೇಳ್ತಾನೇ ಇದ್ದೆ. ಅಲ್ವೇನೇ?" ಹೆಂಡತಿ ಹೌದೆಂದು ತಲೆಯಾಡಿಸಿ, ವಾಚ್ ಅಂಗಡಿಯವರಿಗೆ ಕೈ ಮುಗಿದಳು.

ರೈಟರ್ ಬರೆಯಲು ಏನೂ ಇಲ್ಲದ ಕಾಗದದ ಮೇಲೆ ಬಗ್ಗಿಕೊಂಡ.

ವಾಚ್ ಅಂಗಡಿಯವರು ಕೈ ಬಿಡಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಮೇಡಂ, ಇವನು ಹೋದ ಮೇಲೆ… ನೀವೇ ಆಮೇಲೆ ಹೇಳಿಬಿಡಿ."

"ಇಲ್ಲ" ಎಂದಳು ಇನ್ಸ್‌ಪೆಕ್ಟರ್. "ನೀವೇ ಹೇಳಿ."

ಅವರು ಹೇಳಿದರು. ತಲೆ ತಗ್ಗಿಸಿಕೊಂಡು, ನಾಲ್ಕೇ ಮಾತಿನಲ್ಲಿ. ತೆಪ್ಪದವನಿಗೆ ಮೊದಲು ಅರ್ಥವಾಗಲಿಲ್ಲ, ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದ. ನಗು ಹೋಗಲು ಹೊತ್ತು ಹಿಡಿಯಿತು. ಹಿಡಿದಿದ್ದ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ, ಮರೆತಿದ್ದನೋ ಏನೋ.

"ನಾನು ನೀರಿಗೆ ಬಿದ್ದಾಗ ನೀವು ಅಲ್ಲೇ ಇದ್ರಾ ಅಣ್ಣ?"

"ಇದ್ದೆ."

"ಅವನನ್ನ ಎಳೆಯೋಕಾಗದೆ ನಾನು ಎರಡು ಸಲ ಮುಳುಗಿದೆ. ಆಗಲೂ?"

"ಅಲ್ಲೇ ಇದ್ದೆ."

ತೆಪ್ಪದವನು ಕೈ ಬಿಟ್ಟ. ಹೆಂಡತಿ ಬಂದು ಅವನ ತೋಳು ಹಿಡಿದು ಬಾಗಿಲ ಕಡೆ ನಡೆಸಿಕೊಂಡು ಹೋದಳು. ಇನ್ಸ್‌ಪೆಕ್ಟರ್ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿ ಹೊತ್ತು ಬರೆದಳು, ಹತ್ತು ಮೂವತ್ತೊಂದು.